ತೋಡಿನ ಹಾಜರಿ

ಎಸ್ಟೇಟಿನಲ್ಲಿ ನನ್ನನ್ನು ರೈಟರ್ ಅನ್ನುತ್ತಾರೆ.
ಬರೆಯುವುದೇನು? ಪೂರ್ತಿ ದಿನ, ಅರ್ಧ ದಿನ,
ಕೊಯ್ದ ಹಣ್ಣು ಎಷ್ಟು ಕೆ.ಜಿ., ಕೊಟ್ಟ ಅಡ್ವಾನ್ಸು ಎಷ್ಟು.
ಹದಿನಾರು ವರ್ಷ ಸ್ಕೇಲಿಟ್ಟು ಗೆರೆ ಎಳೆದವನು.

ಅದಕ್ಕೇ ಇರಬೇಕು, ಬಾಳೆಲೆಯ ಕೆಳಗಿನ ತೋಡಿನಲ್ಲಿ
ಮೊದಲ ಸಲ ಅದನ್ನು ಕಂಡಾಗ
ಗುರುತಿನವರು ಸಿಕ್ಕಂತಾಯಿತು:
ಕಿರುಬೆರಳಿಗಿಂತ ಗಿಡ್ಡ ಮೀನು,
ಮೂತಿಯಿಂದ ಬಾಲದವರೆಗೆ ಒಂದೇ ಕಪ್ಪು ಗೆರೆ,
ಗೆರೆಯ ಮೇಲೆ ಕೂದಲೆಳೆಯಷ್ಟು ಚಿನ್ನ.
ನನ್ನ ಕೈ ಸಂಜೆಯ ಹೊತ್ತಿಗೆ ನಡುಗುತ್ತದೆ.
ಇದನ್ನು ಎಳೆದ ಕೈ ನಡುಗಿಲ್ಲ.

ನೀರು ಅತ್ತ ಹೋದರೆ ಇವು ಇತ್ತ ಮುಖ.
ಇಡೀ ದಿನ ಈಜಿ, ಇದ್ದಲ್ಲೇ.
"ನಮ್ಮ ಸಂಬಳದ ಹಾಗೆ" ಎಂದು ನಕ್ಕಳು ಚೋಂದಿ,
ಮೊಣಕಾಲುದ್ದ ನೀರಿನಲ್ಲಿ ಬಿದಿರುಬುಟ್ಟಿ ಅಡ್ಡ ಹಿಡಿದು.
ಹೆಸರೇನು? "ಕೊಯ್ಲೆ."
ಆ ಪಕ್ಕದ್ದು, ಕೆಂಪು ರೆಕ್ಕೆಯದು? "ಅದೂ ಕೊಯ್ಲೆ.
ಕಾಚಂಪುಳಿ ಬಿದ್ದ ಮೇಲೆ ಯಾರ ಹಾಜರಿ ಯಾರು ಕೂಗ್ತಾರೆ?"

ಕಕ್ಕಡದ ಮಳೆಗೆ ಅವು ಬದು ಹತ್ತಿ
ಗದ್ದೆಗೆ ಬರುತ್ತವೆ. ನಟ್ಟ ಪೈರಿನ ಸಾಲುಗಳ ನಡುವೆ
ಓಡಾಡುತ್ತವೆ, ಒಂದು ಪೈರೂ ಅಲುಗದಂತೆ.

ಆಮೇಲೆ ಜನವರಿ.
ಪಲ್ಪರಿಗೆ ಹಗಲು ರಾತ್ರಿ ಇಲ್ಲ.
ಹಣ್ಣು ತೊಳೆದ ನೀರು ಟ್ಯಾಂಕಿನಲ್ಲಿ ಹುಳಿತು ಕಂಠಮಟ್ಟ.
ಧಣಿ ಫೋನಿನಲ್ಲಿ ಅಂದರು: "ರಾತ್ರಿ ಏನಾದ್ರೂ ನೋಡ್ಕೊಳ್ಳಿ."
ನೋಡಿಕೊಂಡೆ.
ಟಾರ್ಚು ಬಾಯಲ್ಲಿ ಕಚ್ಚಿ
ವಾಲ್ವು ತಿರುಗಿಸಿದವನು ನಾನೇ.
ಎರಡೂವರೆ ಸುತ್ತು.

ಬೆಳಗ್ಗೆ ತೋಡು ಹಾಲಿಲ್ಲದ ಚಹಾ.
ಬದುಕಿದ್ದವು ಮೇಲೆ ಬಂದು
ಗಾಳಿಯನ್ನು ಕಚ್ಚುತ್ತಿದ್ದವು, ಗಾಳಿ ತಿನ್ನುವಂಥದ್ದೇನೋ ಎಂಬಂತೆ.
ಉಳಿದವು ಬೇರಿಗೆ, ಕಲ್ಲಿಗೆ, ನೊರೆಗೆ ಅಂಟಿ ಮಲಗಿದ್ದವು.
ಗೆರೆ ಇತ್ತು. ಚಿನ್ನ ಇರಲಿಲ್ಲ.

ಚೋಂದಿ ದಡದಲ್ಲಿ ಬುಟ್ಟಿ ಕವುಚಿಟ್ಟು ನಿಂತಳು.
ಎಂಟಕ್ಕೆ ಹಾಜರಿ ಕೂಗಿದೆ.
ಅವಳ ಹೆಸರು ಬಂದಾಗ "ಹ್ಞಾಂ" ಅಂದಳು,
ನನ್ನ ಕಡೆಗಲ್ಲ, ಪುಸ್ತಕದ ಕಡೆಗೆ.

ಈಗ ಮತ್ತೆ ಮಳೆ.
ಪಲ್ಪರಿಗಿಂತ ಮೇಲೆ, ಬಂಡೆ ಸೀಳಿದಲ್ಲಿ,
ಬೋಗುಣಿಯಷ್ಟು ತಿಳಿನೀರು.
ಬಗ್ಗಿ ನೋಡುತ್ತಿದ್ದೆ, ಬೆರಳು ಮಡಚುತ್ತ.

"ಎಣಿಸಬೇಡಿ ರೈಟರೇ,"
ಬೆನ್ನ ಹಿಂದೆ ಅವಳ ದನಿ,
"ನೀವು ಎಣಿಸಿದ್ದನ್ನೆಲ್ಲ ಕೊಯ್ತೀರಿ."

ಅಷ್ಟರಲ್ಲಿ
ಏಳು ಎಣಿಸಿ ಆಗಿತ್ತು.