ಫಾರ್ಮ್ಯಾಟ್ ಮಾಡಬೇಕೇ?

ಕಲಾಸಿಪಾಳ್ಯದ ಪಾರ್ಸೆಲ್ ಆಫೀಸಿನ ಮಹಡಿ.
ಎರಡು ಎಣ್ಣೆ ಡಬ್ಬದ ಮೇಲೆ ಕೇರಂ ಬೋರ್ಡು,
ಅದರ ಮೇಲೆ ನನ್ನ ಲ್ಯಾಪ್‌ಟಾಪು, ಮೂರು ಡ್ರೈವು,
ಒಂದು ಒದ್ದೆ ಕರ್ಚೀಫು.
ಕೂತಲ್ಲೇ ಕೂತಿರುವ ನನ್ನನ್ನು
ಲೈಟಿನ ಹುಡುಗರು ‘ಬ್ಯಾಂಕಕ್ಕ’ ಅನ್ನುತ್ತಾರೆ.
ಇರಲಿ. ಇಲ್ಲಿಗೆ ಬಂದದ್ದೆಲ್ಲ ಒಂದಕ್ಕೆರಡಾಗುವುದು ನಿಜ.

ಇರುವುದು ಎರಡೇ ಕಾರ್ಡು. ಮೂರನೆಯದಕ್ಕೆ
ಬಾಡಿಗೆ ಕೊಡಲು ಪ್ರೊಡ್ಯೂಸರಿಗೆ ಮನಸ್ಸಿಲ್ಲ.
ಒಂದು ಕ್ಯಾಮೆರಾದ ಹೊಟ್ಟೆಯಲ್ಲಿ, ಒಂದು ನನ್ನ ಕೈಯಲ್ಲಿ.
ಅದು ತುಂಬಲು ಹದಿನೆಂಟು ನಿಮಿಷ,
ಇದು ಖಾಲಿಯಾಗಲು ಇಪ್ಪತ್ತಮೂರು.
ಆ ಐದು ನಿಮಿಷದ ಸಾಲದಲ್ಲಿ ನಡೆಯುತ್ತಿದೆ ನಮ್ಮ ಸಿನಿಮಾ.
‘ಆಯ್ತಾ?’ ಕೆಳಗಿನಿಂದ ಕೂಗು.
ನಾನು ಆಯ್ತು ಅನ್ನುವುದಿಲ್ಲ. ನೀಲಿ ಪಟ್ಟಿ
ತುದಿ ಮುಟ್ಟಿದ ಮೇಲೂ ಒಂದೊಂದೇ ಫೈಲು ಹಿಡಿದು
ಅತ್ತ ಇದ್ದದ್ದು ಇತ್ತಲೂ ಇದೆಯೇ ಎಂದು ತಾಳೆ ನೋಡಿ
ಆಮೇಲೆ ಕೆಂಪು ಟೇಪು ಕಿತ್ತು ಹಸಿರು ಹಚ್ಚುತ್ತೇನೆ.
ಹಸಿರು ಅಂದರೆ: ಅಳಿಸಬಹುದು.
ಹಾಗೆ ಹೇಳುವ ಕೆಲಸಕ್ಕೆ ದಿನಕ್ಕೆ ಎರಡು ಸಾವಿರ, ಊಟ ಬೇರೆ.

ಬೆಳಿಗ್ಗೆ ಬಂದಾಗ ಕೆಳಗಿನ ಗೋಡೆ ತುಂಬ
ಇದ್ದಿಲ ಗೀಟು. ನಾಲ್ಕು ನೆಟ್ಟಗೆ, ಒಂದು ಅಡ್ಡ,
ನಡುನಡುವೆ ಸೊನ್ನೆ, ಬಾಣ, ಮೀನಿನಂಥದ್ದೊಂದು.
ಆರ್ಟ್ ಡೈರೆಕ್ಟರು ಒಮ್ಮೆ ತಲೆಯೆತ್ತಿ ನೋಡಿ
‘ಏನೂ ಇಲ್ಲ, ಬಳಿದುಬಿಡಿ’ ಅಂದ.
ಹತ್ತೂವರೆಗೆಲ್ಲ ಗೋಡೆ ಆಸ್ಪತ್ರೆ ಹಸಿರು.
ಟೀ ಕುಡಿದು ಬಂದ ಹಮಾಲಿ ಮುನಿಶಾಮಣ್ಣ
ಅದರೆದುರು ನಿಂತ, ಮನೆ ನಂಬರು ತಪ್ಪಿದವನ ಹಾಗೆ.
ಇಪ್ಪತ್ತಾರು ವರ್ಷದ ಲೆಕ್ಕವಂತೆ.
ಯಾವ ಲಾರಿಗೆ ಎಷ್ಟು ಮೂಟೆ, ಯಾರ ಟೀ ಯಾರ ತಲೆಗೆ;
ಮೀನು ಅಂದರೆ ಮಂಗಳೂರಿನ ಸರಕು,
ಸೊನ್ನೆ ಅಂದರೆ ಅವತ್ತು ಬಾರದವನು.
ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.
ಬಣ್ಣ ಒಣಗಿತೇ ಎಂದು ಬೆರಳಿಟ್ಟು ನೋಡಿದ.

ರಾತ್ರಿ ಎರಡೂ ನಲವತ್ತು. ಡ್ರೈವನ್ನು ಜಾಕೆಟ್ಟಿನೊಳಗೆ
ಬನಿಯನ್ನಿಗೆ ತಾಗುವಂತೆ ಇಟ್ಟುಕೊಂಡು ಇಕ್ರಂ
ಬೈಕಿನಲ್ಲಿ ಲಿಂಗರಾಜಪುರ ಮುಟ್ಟಿಸಿಯಾಗಿದೆ.
ಎಡಿಟರ್ ಡೆನ್ಜಿಲ್‌ನ ಫೋನು:
‘ಇದ್ರಲ್ಲಿ ಏನೂ ಇಲ್ವಲ್ಲ ಮಾರಾಯ್ತಿ!’
ನನ್ನದು ಒಂದು ಜಾತಿಯ ಯಂತ್ರ, ಅವನದು ಇನ್ನೊಂದು.
ನನ್ನದು ಬರೆದದ್ದು ಅವನದಕ್ಕೆ ಓದಲು ಬಾರದು.
ಬಾರದು ಅಂತ ಅದು ಒಪ್ಪಿಕೊಳ್ಳುವುದಿಲ್ಲ.
ಬಹಳ ವಿನಯದಿಂದ ಕೇಳುತ್ತದೆ,
ಫಾರ್ಮ್ಯಾಟ್ ಮಾಡಬೇಕೇ?

‘ಬೇಡ ಅನ್ನು!’ ಕಿರುಚಿದೆ. ಕೆಳಗೆ ಸೌಂಡ್ ಓಡುತ್ತಿತ್ತು.
ಟೇಕ್ ಹಾಳು. ಇಡೀ ಯೂನಿಟ್ಟು ಮಹಡಿಯ ಕಡೆ ತಿರುಗಿತು.
‘ಡೆನ್ಜಿಲ್, ಮೌಸಿಂದ ಕೈ ತೆಗಿ. ತೆಗೆದೆಯಾ?
ಎರಡೂ ಕೈ.’

ಆಮೇಲೆ ಬೇರೊಂದು ಡ್ರೈವು, ಇಬ್ಬರಿಗೂ ತಿಳಿಯುವ ಬಗೆಯಲ್ಲಿ,
ಈ ರಸ್ತೆಯ ಆಟೋದವರು ಮಾತಾಡುವ ಹಾಗೆ:
ಅರ್ಧ ತಮಿಳು, ಅರ್ಧ ಉರ್ದು, ಬಾಡಿಗೆ ಮಾತ್ರ ಅಚ್ಚಗನ್ನಡ.
ಮತ್ತೆ ಮೊದಲಿಂದ ನೀಲಿ ಪಟ್ಟಿ.
ತಾಳೆ ನೋಡುತ್ತ ಸಿಕ್ಕಿತು ಮೊದಲ ಕಾರ್ಡಿನ ಮೊದಲ ತುಣುಕು,
ಫೋಕಸ್ ಟೆಸ್ಟು, ಬೆಳಿಗ್ಗೆ ಎಂಟೂ ಹತ್ತು.
‘ಟೆಸ್ಟೆಲ್ಲ ಕಾಪಿ ಬೇಡ, ಜಾಗ ದಂಡ’ ಅಂದಿದ್ದರು.
ನನಗೆ ಆರಿಸಲು ಬರುವುದಿಲ್ಲ, ಎಲ್ಲ ಎತ್ತಿಕೊಳ್ಳುತ್ತೇನೆ.
ಏಳು ಸೆಕೆಂಡು. ಮಸುಕು, ಮಸುಕು, ಆಮೇಲೆ ನಿಚ್ಚಳ
ಗೋಡೆ.

ಪ್ಯಾಕಪ್ಪಿನ ಹೊತ್ತಿಗೆ ಮೊದಲ ಬಸ್ಸುಗಳು ಕೆಮ್ಮುತ್ತಿದ್ದವು.
ಮುನಿಶಾಮಣ್ಣನನ್ನು ಕರೆದು ಕೂರಿಸಿ ತೋರಿಸಿದೆ.
ನೋಡಿದ. ಇನ್ನೊಂದ್ಸಲ ಅಂದ. ಇನ್ನೊಂದ್ಸಲ.
ತುಟಿ ಎಣಿಸುತ್ತಿತ್ತು. ಹೆಗಲ ಟವೆಲ್ಲಿನಿಂದ
ಪರದೆ ಒರೆಸಿ, ಬೆರಳನ್ನು ಅದರ ಅಂಚಿಗೆ ತಂದು
‘ಇನ್ನೊಂಚೂರು ಎಡಕ್ಕೆ ತಿರುಗ್ಸಮ್ಮ’ ಅಂದ,
‘ನರಸಿಂಗಂದು ಆ ಕಡೆ ಐತೆ.’