ಪ್ರಥಮ ಪುರುಷ

ಹತ್ತೊಂಬತ್ತು ವರ್ಷದ ಆಲ್ಟೋಗೆ
ಇದಕ್ಕಿಂತ ಹೆಚ್ಚು ಎಂತಕ್ಕೆ ಎಂದೆ.
ಕೋರ್ಟ್ ರಸ್ತೆಯ ಮಹಡಿಯಲ್ಲಿ
ವಲೇರಿಯನ್ ಕ್ರಾಸ್ತಾ ಕನ್ನಡಕ ಒರೆಸಿಕೊಂಡು ಹೇಳಿದ್ದಿಷ್ಟೇ:
‘ಕನಿಷ್ಠ ಮಾಡಿಸಿದರೆ ಕಾನೂನಿಗೆ ಸಾಕು,
ನಿಮ್ಮ ಬಂಪರಿಗೆ ಸಾಲದು ಮಾಷ್ಟ್ರೆ.
ಇದು ನಿಮಗಲ್ಲ, ನೀವು ಗುದ್ದುವವರಿಗೆ.’

ಯಾರನ್ನು ಗುದ್ದುತ್ತೇನೆ ನಾನು?
ಮೂವತ್ತು ವರ್ಷ ಎಂಟನೇ ಕ್ಲಾಸಿಗೆ ವ್ಯಾಕರಣ ಕಲಿಸಿದವ,
ನಲವತ್ತರ ಮೇಲೆ ಓಡಿಸಿದವನಲ್ಲ.
ಒಂದನೇ ಪಾರ್ಟಿ ನಾನು, ಎರಡನೆಯದು ಕಂಪೆನಿ,
ಮೂರನೆಯದೊಂದು ಖಾಲಿ ಜಾಗ.
ಅದರ ಲೆಕ್ಕಕ್ಕೆ ಎರಡು ಸಾವಿರ ಚಿಲ್ಲರೆ ಎಣಿಸಿ
ರಶೀದಿ ಡ್ಯಾಶ್‌ಬೋರ್ಡಿಗೆ ತುರುಕಿ ಮರೆತೆ.

ಖಾಲಿ ಜಾಗ ತುಂಬಿದ್ದು ಆದಿ ಉಡುಪಿಯಲ್ಲಿ,
ಬೆಳಗ್ಗೆ ಏಳೂಕಾಲಕ್ಕೆ.
ಮಲ್ಪೆಯ ರಿಕ್ಷಾ ಇಳಿದು
ಜಲಜ ಕುಂದರ್ ಬುಟ್ಟಿ ತಲೆಗೇರಿಸಿ ದಾಟುತ್ತಿದ್ದಳು.
ಕಾರು ಕಂಬಕ್ಕೆ ಮುಖ ಕೊಟ್ಟು ನಿಂತಾಗ
ಬಂಗುಡೆಗಳು ಡಾಮರಿನ ಮೇಲೆ ಎರಡನೇ ಸಲ ಸತ್ತಿದ್ದವು.
ಪೊಲೀಸರಿಗಿಂತ ಮೊದಲು ಕಾಗೆ ಬಂತು.

ತಪ್ಪು ಯಾರದು?
ಹೂವಿನಂಗಡಿಯವ ಅವಳದೆಂದ,
ರಿಕ್ಷಾದವರೆಲ್ಲ ನನ್ನದೆಂದರು,
ಹಾಲಿನ ಡಿಪೋದ ಅಜ್ಜ ರಸ್ತೆಯದೆಂದ:
ಹೊಂಡ ತಪ್ಪಿಸಲು ಎಲ್ಲರೂ ಅಲ್ಲೇ ಎಡಕ್ಕೆ ಎಳೆಯುತ್ತಾರಂತೆ.

ಕ್ರಾಸ್ತಾ ಮಾತ್ರ ಕೇಳಲೇ ಇಲ್ಲ.
‘ಮೂಳೆ ಮುರಿದಿದೆಯಲ್ಲ?
ತಪ್ಪು ಸಾಬೀತು ಮಾಡದೆಯೂ ಒಂದು ದಾರಿಯಿದೆ,
ಎರಡೂವರೆ ಲಕ್ಷ. ಕಾಲೇ ಸಾಕ್ಷಿ.’
ಅರ್ಜಿಯಲ್ಲಿ ವಯಸ್ಸಿಗೆ, ಗಾಯಕ್ಕೆ, ಗಾಡಿಯ ನಂಬರಿಗೆ
ಅಂಕಣಗಳಿದ್ದವು.
ತಪ್ಪಿಗಿರಲಿಲ್ಲ.

ಆಗ ನೆನಪಾಯಿತು, ಬೋರ್ಡಿನ ಮೇಲೆ
ವರ್ಷವರ್ಷವೂ ನಾನೇ ಬರೆದದ್ದು.
ನಾನು: ಉತ್ತಮ ಪುರುಷ.
ನೀನು: ಮಧ್ಯಮ.
ಇಂಗ್ಲಿಷಿನವರು ಮೂರನೆಯವಳೆಂದು ಕಡೆಗೆ ಕೂರಿಸಿದ
ಅವಳನ್ನು ನಮ್ಮ ವ್ಯಾಕರಣ
ಪ್ರಥಮ ಎಂದಿತ್ತು.
ಆ ಅಗ್ಗದ ಪಾಲಿಸಿಯೂ ಅದನ್ನೇ ಹೇಳುತ್ತಿತ್ತು:
ನಿನ್ನ ತಗಡು ಬಿಡು, ಮೊದಲು ಅವಳ ಕಾಲು.

ಮಳೆ ಮುಗಿದು ಬೋಟುಗಳು ನೀರಿಗಿಳಿದವು. ದುಡ್ಡೂ ಬಂತು.
ಜಲಜ ಈಗ ಬುಟ್ಟಿ ಹೊರುವುದಿಲ್ಲ,
ಅಂಬಾಗಿಲಿನ ತಿರುವಿನಲ್ಲಿ ಸ್ಟೂಲು ಹಾಕಿ ಕೂರುತ್ತಾಳೆ.
ಹಗ್ಗ ಕಟ್ಟಿದ ನನ್ನ ಬಂಪರು ಕಂಡು
‘ಇದಕ್ಕೆ ಏನೂ ಸಿಗಲಿಲ್ವಾ ಮಾಷ್ಟ್ರೆ?’ ಎಂದಳು.
ಇಲ್ಲ ಎಂದೆ.
‘ಛೆ, ಪಾಪ.’
ಎರಡು ಬಂಗುಡೆ ಹೆಚ್ಚು ಹಾಕಿದಳು.

ಆಗಲಾದರೂ ಹೇಳಬಹುದಿತ್ತು:
ಆ ಬೆಳಗ್ಗೆ ಮೊಬೈಲು ಗುಂಯ್ ಎಂದಿತ್ತು,
ನಾನು ಕೆಳಗೆ ನೋಡಿದ್ದೆ.
ಕಾನೂನು ಕೇಳಲಿಲ್ಲ, ಅವಳೂ ಕೇಳಲಿಲ್ಲ.
ಯಾವ ಕಂಪೆನಿಯೂ ಹೊರದ ಅದಷ್ಟು
ರಶೀದಿಯ ಜೊತೆ ಡ್ಯಾಶ್‌ಬೋರ್ಡಿನಲ್ಲಿದೆ,
ಹೊಂಡ ಬಂದಾಗಲೆಲ್ಲ ಸದ್ದು ಮಾಡುತ್ತದೆ.
ಉತ್ತಮ ಪುರುಷ, ಏಕವಚನ.