ಹಲ್ಲು, ಕಡಲೆ

ಡಂಡೀ ಊರಿನ ಹಲ್ಲಾಸ್ಪತ್ರೆಯ ನೆಲಮಾಳಿಗೆ.
ರಾತ್ರಿ ಹನ್ನೊಂದೂವರೆ. ಹೊರಗೆ ಟೇ ನದಿಯ ಮೇಲಿಂದ
ಕಿವಿ ಕೊಯ್ಯುವ ಗಾಳಿ.
ಒಳಗೆ ನಾನು, ಮಿಸೆಸ್ ಮೆಲ್‌ಡ್ರಮ್ ಬಿಟ್ಟುಹೋದ ಸ್ವೆಟರು,
ಹೊಸ ಟೇಪ್ ಡ್ರೈವ್.

ಊರಿಗೆ ಊರೇ ಬಾಯಿ ತೆರೆದು ಕೊಟ್ಟ ಚಿತ್ರಗಳು
ಮೇಲಿನ ಮಹಡಿಯ ಸರ್ವರಿನಲ್ಲಿವೆ.
ತೊಂಬತ್ತೊಂದು ಲಕ್ಷ ಕಡತ, ಒಂದೊಂದೂ ಸಾಸಿವೆಯಷ್ಟು.
ಅಷ್ಟೂ ನೆಟ್‌ವರ್ಕಿನ ತಂತಿ ಹಿಡಿದು ಇಳಿದುಬಂದು
ಟೇಪಿಗೆ ಸೇರಬೇಕು. ಏಳಕ್ಕೆ ಗಾಡಿ ಬರುತ್ತದೆ,
ಫೋರ್‌ಫರ್‌ನ ಗೋದಾಮಿಗೆ ಒಯ್ಯಲು.

ಹಳೆಯ ಡ್ರೈವ್ ಮುದುಕ. ಆದರೂ ಐದಕ್ಕೆ ಮುಗಿಸಿ
ಬಾಯಿ ಬಿಟ್ಟು ಟೇಪು ಕೊಡುತ್ತಿತ್ತು.
ಹೊಸದು ಮೂರು ಪಟ್ಟು ವೇಗ
ಎಂದು ಡಬ್ಬದ ಮೇಲೆ ಬರೆದಿತ್ತು. ಬೆಲೆಯೂ ಹಾಗೇ.
ಮೊದಲ ರಾತ್ರಿಯ ಕೆಲಸ ಮುಗಿದದ್ದು
ಮರುದಿನ ಹಗಲು ಹನ್ನೊಂದಕ್ಕೆ.

"ಏನದು ಸದ್ದು?" ಕಾವಲಿನ ಫರ್ಗಸ್ ಬಗ್ಗಿ ಕೇಳಿದ.
ಕರ್ರ್. ನಿಂತಿತು. ಹಿಂದಕ್ಕೆ ಸುತ್ತಿತು. ಮತ್ತೆ ಕರ್ರ್.
ಬೂಟು ಪಾಲಿಶಿನ ಹುಡುಗನ ಬಟ್ಟೆಯ ಹಾಗೆ
ಆಚೆ ಈಚೆ ಆಚೆ ಈಚೆ
ಅದೇ ಒಂದಿಷ್ಟು ಪಟ್ಟಿ, ಉಜ್ಜಿ ಉಜ್ಜಿ.
ಈ ಕಸುಬಿನವರು ಈ ರೋಗಕ್ಕೆ ಇಟ್ಟ ಹೆಸರೂ ಅದೇ.

ತಪ್ಪು ಅದರದಲ್ಲ. ಅದಕ್ಕೆ ಓಡಿ ಗೊತ್ತು, ನಿಂತು ಗೊತ್ತಿಲ್ಲ.
ತುತ್ತು ತಪ್ಪಿದರೆ ತಟ್ಟನೆ ನಿಲ್ಲಲಾರದೆ ಮುಂದೆ ಹೋಗಿ,
ನಾಚಿ ಹಿಂದೆ ಬಂದು, ಬಿಟ್ಟ ಜಾಗ ತಡಕಿ,
ಮತ್ತೆ ಓಟ ಕಟ್ಟಬೇಕು.
ಅಷ್ಟರಲ್ಲಿ ಇನ್ನೊಂದು ತುತ್ತು ತಪ್ಪಿರುತ್ತದೆ.

ಹಲ್ಲಿದ್ದವನಿಗೆ ಕಡಲೆಯಿಲ್ಲ.
ಹಲ್ಲಾಸ್ಪತ್ರೆಯಲ್ಲೇ ಕೂತು ಈ ಗಾದೆ ಹೊಳೆಯಲು
ನನಗೆ ನಾಲ್ಕು ರಾತ್ರಿ ಬೇಕಾಯಿತು.

ಕಡಲೆ ಯಾಕೆ ತಡ?
ಒಂದೊಂದು ಕಾಳಿಗೂ ಮೇಲೆ ಹೋಗಿ ಕೇಳಬೇಕು:
ಇದ್ದೀಯಾ? ಇದ್ದೇನೆ. ಹೆಸರು? ಇಂಥದ್ದು.
ಎಷ್ಟು ದಪ್ಪ? ಇಷ್ಟು. ತೆರೆಯಲೇ? ತೆರೆ.
ಆಯಿತು, ಮುಚ್ಚಲೇ? ಮುಚ್ಚು.
ಬೀಗರ ಮನೆಯ ಉಪಚಾರ,
ತೊಂಬತ್ತೊಂದು ಲಕ್ಷ ಸಲ.

ಮಿಸೆಸ್ ಮೆಲ್‌ಡ್ರಮ್‌ಗೆ ಫೋನು ಮಾಡಿದೆ.
ನಿವೃತ್ತಿಯಾಗಿ ಬ್ರಾಟಿ ಫೆರಿಯಲ್ಲಿ ಕೋಳಿ ಸಾಕುತ್ತಾರೆ.
"ಕೋಳಿಗಳು ಮಲಗಿವೆ, ಮೆಲ್ಲಗೆ ಹೇಳು."
ಹೇಳಿದೆ.
"ಸೂಪು ಕುದಿಯುವ ಮುಂಚೆಯೇ
ನೆಂಟರನ್ನು ಮೇಜಿಗೆ ಕರೆಯುತ್ತಾರೇನೇ, ಪೆದ್ದಿ?"
ಇಟ್ಟುಬಿಟ್ಟರು.

ಹಿಟ್ಟು ನಾದದೆ ಹಂಚು ಕಾಯಿಸಿದ್ದೆ, ಅಷ್ಟೆ.

ನಡುವೆ ಒಂದು ಡಿಸ್ಕು ಇಟ್ಟೆ, ಕಣಜದಂತೆ.
ಸಂಜೆ ಆರಕ್ಕೆ, ಕೊನೆಯ ರೋಗಿ ಬಾಯಿ ಮುಕ್ಕಳಿಸುವಾಗಲೇ,
ಎಂಟು ಆಳು ಬಿಟ್ಟೆ ಒಟ್ಟಿಗೆ:
ಒಬ್ಬ ಉಪಚಾರದಲ್ಲಿದ್ದರೆ ಇನ್ನೊಬ್ಬ ಹೊತ್ತು ತರಲಿ.
ಬಿಡಿಕಾಳು ಬೇಡ, ಮೂಟೆ ಕಟ್ಟಿ ಎಂದೆ.
ಬ್ಲಾಕಿನ ಅಳತೆ ಚಟಾಕಿನಿಂದ ಕೊಳಗಕ್ಕೆ ಏರಿಸಿದೆ
(ಆಸೆಬುರುಕಿ, ಮೊದಲು ಖಂಡುಗಕ್ಕೇ ಏರಿಸಿದ್ದೆ,
ಡ್ರೈವು ಉಗುಳಿತು).
ಕಣಜ ಮುಕ್ಕಾಲು ತುಂಬುವ ತನಕ
ಅದು ಹಸಿವೆಂದರೂ ನಾನು ಕಿವುಡಿ.

ಒಂದೂ ಹತ್ತಕ್ಕೆ ಬಿಟ್ಟೆ.
ಎರಡಕ್ಕೆ ಫರ್ಗಸ್ ಓಡಿಬಂದ. "ಕೆಟ್ಟುಹೋಯಿತೇ?"
ಇಲ್ಲ ಮಾರಾಯ. ಓಡುತ್ತಿದೆ.
ಇಬ್ಬರೂ ನಿಂತು ಕೇಳಿದೆವು,
ಒಂದೇ ಎಳೆಯ ಗುಂಯ್, ಎಲ್ಲೂ ಮುರಿಯದ್ದು.
ಅವನ ಚಹಾ ಆರಿತು.

ನಾಲ್ಕೂ ಇಪ್ಪತ್ತು. ಮುಗಿಯಿತು.
ಬರೆದರಾಗಲಿಲ್ಲ, ಓದಿ ನೋಡಬೇಕು.
ಕಣ್ಣುಮುಚ್ಚಿ ಒಂದು ಕಡತ ಹೊರತೆಗೆದೆ:
ಯಾರದೋ ಪುಟ್ಟ ದವಡೆ, ಹೆಸರಿಲ್ಲ, ಬರೀ ನಂಬರು.
ಆರು ವರ್ಷವಿರಬೇಕು.
ಹಾಲುಹಲ್ಲುಗಳ ಬೇರಿನಡಿ, ಎಲುಬಿನ ಕತ್ತಲಲ್ಲಿ,
ದೊಡ್ಡ ಹಲ್ಲುಗಳು ಸಾಲಾಗಿ ಕೂತಿದ್ದವು,
ತುಂಬುವ ತನಕ ಏಳದೆ.

ನನ್ನ ಹಾಲುಹಲ್ಲು ಸಗಣಿಯುಂಡೆಯೊಳಗೆ
ಹುಬ್ಬಳ್ಳಿ ರೈಲ್ವೆ ಕ್ವಾರ್ಟರ್ಸಿನ ಹೆಂಚಿನ ಮೇಲೆ ಬಿತ್ತು.
ಅದರ ನಕಲು ಎಲ್ಲೂ ಇಲ್ಲ.

ಏಳಕ್ಕೆ ಗಾಡಿಯವನು ಬಂದ. ಸಹಿ ಹಾಕಿದೆ.
ಟೇಪನ್ನು ಅಂಗೈಯಲ್ಲಿ ತೂಗಿ, ಹುಬ್ಬು ಗಂಟಿಕ್ಕಿ,
"ಇಷ್ಟು ದಿನ ಇದರಲ್ಲೇ ಕೈ ಕಾಯಿಸಿಕೊಳ್ಳುತ್ತಿದ್ದೆ,
ಇವತ್ತು ತಣ್ಣಗಿದೆಯಲ್ಲ" ಎಂದ.